ಯುದ್ಧದ ಖರ್ಚಿಗೆ ಹಣ ಎಲ್ಲಿಂದ?

ಪ್ರಶ್ನೆ: ಆದಾಯ ತೆರಿಗೆ ಹುಟ್ಟಿದ್ದೇ ಯುದ್ಧಕ್ಕಾಗಿ ಎನ್ನುತ್ತಾರೆ, ನಿಜವೇ? ಸರ್ಕಾರಗಳು ಯುದ್ಧಕ್ಕೆ ಹಣ ಹೇಗೆ ಹೊಂದಿಸುತ್ತವೆ?

ಉತ್ತರ: ಬ್ರಿಟನ್ನಿನ ಮಟ್ಟಿಗೆ ನಿಜ. ಫ್ರಾನ್ಸ್ ವಿರುದ್ಧದ ಯುದ್ಧಕ್ಕೆ ಹಣ ಸಾಲದೆ ಪ್ರಧಾನಿ ವಿಲಿಯಂ ಪಿಟ್ 1799ರಲ್ಲಿ ಈ ತೆರಿಗೆ ಜಾರಿಗೆ ತಂದರು. ವರ್ಷಕ್ಕೆ 60 ಪೌಂಡ್‌ಗಿಂತ ಕಡಿಮೆ ಗಳಿಸುವವರಿಗೆ ವಿನಾಯಿತಿ. 200 ಪೌಂಡ್ ದಾಟಿದವರಿಗೆ ಶೇ. 10. ನೆಪೋಲಿಯನ್ ಸೋತ ಮರುವರ್ಷ, 1816ರಲ್ಲಿ, ಅದು ರದ್ದಾಯಿತು. 1842ರಲ್ಲಿ ಮರಳಿ ಬಂದದ್ದು ಇಂದಿಗೂ ಉಳಿದಿದೆ.

ಯುದ್ಧಕ್ಕೆ ಹಣ ಬರುವ ದಾರಿ ಮೂರು: ತೆರಿಗೆ, ಸಾಲ, ಹೊಸ ನೋಟು. ಖರ್ಚು ಒಮ್ಮೆಲೇ ಮೇಲೆ ಬೀಳುವುದರಿಂದ ಸರ್ಕಾರ ಮೊದಲು ಬಾಂಡ್ ಮಾರಿ ಸಾಲ ಎತ್ತುತ್ತದೆ. ಮಗಳ ಮದುವೆಗೆ ಸಾಲ ಕೇಳಿದವರ ಸಂಬಳವನ್ನು ಬ್ಯಾಂಕಿನವರು ವಿಚಾರಿಸುವಂತೆ, ಸರ್ಕಾರಕ್ಕೆ ಸಾಲ ಕೊಡುವವರೂ ಅದರ ವರಮಾನ ನೋಡುತ್ತಾರೆ. ವರ್ಷವರ್ಷವೂ ಬರುವ ಆದಾಯ ತೆರಿಗೆಯೇ ಸಾಲ ತೀರುತ್ತದೆಂಬ ಭರವಸೆ. ಬರೀ ನೋಟು ಮುದ್ರಿಸುತ್ತ ಹೋದರೆ ಬೆಲೆಗಳು ಏರುತ್ತವೆ. ಅದರ ಏಟು ಬಡವರಿಗೇ ಹೆಚ್ಚು.

ಭಾರತಕ್ಕೆ ಆದಾಯ ತೆರಿಗೆ ಬಂದದ್ದು 1860ರಲ್ಲಿ. 1857ರ ಹೋರಾಟವನ್ನು ಹತ್ತಿಕ್ಕಲು ಆದ ಖರ್ಚಿನಿಂದ ಬೊಕ್ಕಸ ಬರಿದಾಗಿತ್ತು. ಅದನ್ನು ತುಂಬಲು ಬ್ರಿಟಿಷ್ ಆಡಳಿತದ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ ಈ ತೆರಿಗೆ ಹಾಕಿದರು. ನಮ್ಮವರನ್ನು ಹತ್ತಿಕ್ಕಿದ ಯುದ್ಧದ ಖರ್ಚನ್ನು ನಮ್ಮವರೇ ತೆರಬೇಕಾಯಿತು.