ಕಪ್ಪೆಯ ವೇಗ, ತಡೆಯ ಖರ್ಚು

ಕಬ್ಬಿನ ಬೇರು ಕಡಿಯುವ ಹುಳುಗಳನ್ನು ತಿಂದು ಮುಗಿಸಲಿ ಎಂದು 1935ರಲ್ಲಿ ಹವಾಯಿಯಿಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ತಂದ ಕೇನ್ ಟೋಡ್ ಎಂಬ ವಿಷಗಪ್ಪೆಗಳು ಸುಮಾರು 100. ಅದೇ ವರ್ಷ ಅವುಗಳ 2,400ರಷ್ಟು ಮರಿಗಳನ್ನು ಕಬ್ಬಿನ ಸೀಮೆಗೆ ಬಿಟ್ಟರು. ಹುಳು ಕಡಿಮೆಯಾಗಲಿಲ್ಲ. ಎಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಕಪ್ಪೆಗಳು 10 ಲಕ್ಷ ಚದರ ಕಿ.ಮೀ.ಗೂ ಹೆಚ್ಚು ನೆಲ ಹಿಡಿದಿದ್ದವು. ಕರ್ನಾಟಕದಂಥ ಐದು ರಾಜ್ಯಗಳು ಅದರಲ್ಲಿ ಅಡಗುತ್ತವೆ.

ಇಷ್ಟು ದೊಡ್ಡ ಅಂಕಿ ಕೇಳಿದರೆ ಯಾರಿಗೂ ಗಾಬರಿಯಾಗುತ್ತದೆ. ಆದರೆ ಹಣವನ್ನು ಎಲ್ಲಿ ಸುರಿಯಬೇಕು ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ವೇಗದ ಲೆಕ್ಕ ಬೇಕು. 1937ರಲ್ಲಿ ಆರ್. ಎ. ಫಿಶರ್ ಕೊಟ್ಟ, 1951ರಲ್ಲಿ ಜೆ. ಜಿ. ಸ್ಕೆಲ್ಲಮ್ ಪ್ರಾಣಿಗಳ ಹರಡುವಿಕೆಗೆ ಒಗ್ಗಿಸಿದ ಸೂತ್ರ ಸರಳವಾಗಿದೆ: ಸಂತತಿ ಬೆಳೆಯುವ ದರವನ್ನು ಅಲೆದಾಟದ ಪ್ರಮಾಣದಿಂದ ಗುಣಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಮುಂಚೂಣಿ ಸಾಗುವ ವೇಗ ಸಿಗುತ್ತದೆ. ಇವೆರಡೂ ಬದಲಾಗದಿದ್ದರೆ ವೇಗವೂ ಬದಲಾಗದು.

ಕಪ್ಪೆಗಳ ವಿಷಯದಲ್ಲಿ ಹಾಗಾಗಲಿಲ್ಲ. 1940ರಿಂದ 60ರ ದಶಕದವರೆಗೆ ವರ್ಷಕ್ಕೆ ಸುಮಾರು 10 ಕಿ.ಮೀ. ಸಾಗುತ್ತಿದ್ದ ಅವು 2000ದ ದಶಕದಲ್ಲಿ 50 ಕಿ.ಮೀ. ದಾಟಿದವು. ವೇಗ ಐದು ಪಟ್ಟಾಗಬೇಕಾದರೆ ಸೂತ್ರದೊಳಗಿನ ಗುಣಲಬ್ಧ 25 ಪಟ್ಟು ಏರಬೇಕು! ಇದರ ಸುಳಿವನ್ನು ಜೀವಶಾಸ್ತ್ರಜ್ಞ ಬೆನ್ ಫಿಲಿಪ್ಸ್ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟರು. ಹೊಸ ಜಾಗಕ್ಕೆ ಮೊದಲು ತಲುಪುವ ಕಪ್ಪೆಗಳ ಕಾಲು ಹಿಂದೆ ಬರುವವಕ್ಕಿಂತ ಉದ್ದ. ಮುಂದೆ ಓಡಿದವು ಅಲ್ಲಿ ತಮ್ಮಂಥವುಗಳ ಜೊತೆಗೇ ಕೂಡುತ್ತವೆ, ಹಾಗಾಗಿ ತಲೆಮಾರು ಕಳೆದಂತೆ ಮುಂಚೂಣಿ ಚುರುಕಾಗುತ್ತದೆ. ಹರಡುವಿಕೆಯ ಬಗ್ಗೆ ಒಮ್ಮೆ ಬರೆದ ನಕ್ಷೆಯನ್ನು ಹೊಸ ಅಳತೆಗಳಿಂದ ತಿದ್ದುತ್ತಲೇ ಇರಬೇಕಾದದ್ದು ಇದಕ್ಕೇ. 2009ರಲ್ಲಿ ಕಪ್ಪೆಗಳು ಪಶ್ಚಿಮ ಆಸ್ಟ್ರೇಲಿಯಾದ ಗಡಿ ದಾಟಿದವು.

ಈಗ ಖರ್ಚಿನ ಮಾತು. 1986ರಿಂದ ಸುಮಾರು ಕಾಲು ಶತಮಾನದಲ್ಲಿ ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಕಪ್ಪೆಯ ಸಂಶೋಧನೆ ಮತ್ತು ನಿಯಂತ್ರಣಕ್ಕೆ 2 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಕೊಟ್ಟಿತು. ಕಪ್ಪೆ ನಿಲ್ಲಲಿಲ್ಲ. ಒಂದು ಹೆಣ್ಣು ಒಮ್ಮೆಗೆ 8,000ಕ್ಕೂ ಹೆಚ್ಚು ಮೊಟ್ಟೆ ಇಡುವಾಗ ಕೈಯಿಂದ ಹಿಡಿದು ಗೆಲ್ಲುವುದು ಆಗದ ಮಾತು. ಆದರೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಿಂಬರ್ಲಿ ಪ್ರದೇಶದಿಂದ ಪಿಲ್ಬರಾ ಕಡೆಗೆ ಹೋಗುವ ದಾರಿಯಲ್ಲಿ, ಮರಳುಗಾಡಿಗೂ ಸಮುದ್ರಕ್ಕೂ ನಡುವೆ ಒಣನೆಲದ ಕಿರಿದಾದ ಪಟ್ಟಿಯೊಂದಿದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅಲ್ಲಿ ಕಪ್ಪೆಗೆ ಆಸರೆ ದನಗಳಿಗಾಗಿ ತೋಡಿದ ಕಟ್ಟೆ, ಕೊಳವೆಬಾವಿ ತೊಟ್ಟಿಗಳು ಮಾತ್ರ. ರೀಡ್ ಟಿಂಗ್ಲಿ ತಂಡದ 2013ರ ಮಾದರಿಯ ಪ್ರಕಾರ ಸರಿಯಾಗಿ ಆರಿಸಿದ ಸುಮಾರು 100 ನೀರಿನ ತಾಣಗಳನ್ನು ಕಪ್ಪೆಗೆ ಎಟುಕದಂತೆ ಮಾಡಿದರೆ 2,68,200 ಚದರ ಕಿ.ಮೀ. ಉಳಿಯುತ್ತದೆ. ದನಕ್ಕೆ ನೀರು ತಪ್ಪಿಸಬೇಕಿಲ್ಲ, ಮುಚ್ಚಿದ ಟ್ಯಾಂಕು, ಕಪ್ಪೆ ಹತ್ತಲಾಗದ ತೊಟ್ಟಿ ಸಾಕು. 2017ರ ಇನ್ನೊಂದು ಅಧ್ಯಯನ ಇದರ ವೆಚ್ಚವನ್ನು 50 ವರ್ಷಕ್ಕೆ ಸುಮಾರು 45 ಲಕ್ಷ ಡಾಲರ್ ಎಂದು ಅಂದಾಜಿಸಿತು. ಚದರ ಕಿ.ಮೀ.ಗೆ 17 ಡಾಲರ್ ಕೂಡ ಆಗಲಿಲ್ಲ.

ಈ ಲೆಕ್ಕ ನಮ್ಮ ಕಾಡಿನ ಕಳೆಗೂ ಸಲ್ಲುತ್ತದೆ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಅಳೆದ ತುಣುಕುಗಳಲ್ಲಿ ಶೇ. 41ರಲ್ಲಿ ಲಂಟಾನ ಎಂಬ ಕಳೆಗಿಡ ಇತ್ತು, 2008ರಲ್ಲಿ ಅದು ಶೇ. 81. ಹನ್ನೊಂದು ವರ್ಷದ ಅಂತರದಲ್ಲಿ ಅದೇ ಕಾಡನ್ನು ಎರಡು ಸಲ ಅಳೆದಿದ್ದರಿಂದ ಈ ಅಂಕಿ ನಮ್ಮ ಕೈಯಲ್ಲಿದೆ. ಕಳೆ ಕೀಳುವ ಟೆಂಡರ್ ಕರೆಯುವ ಮೊದಲು ಪ್ರತಿ ಅರಣ್ಯ ವಿಭಾಗವೂ ಇಂಥ ಮರು ಅಳತೆ ಮಾಡಿಸಲಿ. ಗಿಡ ಇನ್ನೂ ತಲುಪದ, ತಲುಪಲಿರುವ ಜಾಗಗಳಿಗೆ ಮೊದಲ ಹಣ ಹೋಗಲಿ.