ಒಂದೇ ತಾರೀಖಿಗೆ ಬಂದ ಎರಡು ಕಲ್ಲುಗಳು

2013ರ ಫೆಬ್ರವರಿ 15ಕ್ಕಾಗಿ ಖಗೋಳ ವಿಜ್ಞಾನಿಗಳು ಒಂದು ವರ್ಷದಿಂದ ಕಾಯುತ್ತಿದ್ದರು. ಸ್ಪೇನ್‌ನ ಲಾ ಸಾಗ್ರಾ ವೀಕ್ಷಣಾಲಯ ಪತ್ತೆಹಚ್ಚಿದ್ದ ಕ್ಷುದ್ರಗ್ರಹವೊಂದು ಅಂದು ಭೂಮಿಯಿಂದ 27,700 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಲಿತ್ತು. ನಮ್ಮ ಮನೆಯ ಟಿವಿಗೆ ಸಂಕೇತ ಕಳಿಸುವ ಉಪಗ್ರಹಗಳೇ ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತವೆ. ಅವುಗಳಿಗಿಂತಲೂ ಹತ್ತಿರ ಬರುವ, ಸುಮಾರು 30 ಮೀಟರ್ ಗಾತ್ರದ ಈ ಕಲ್ಲು ಭೂಮಿಗೆ ಬಡಿಯುವುದಿಲ್ಲ ಎಂದು ಲೆಕ್ಕ ಖಚಿತವಾಗಿ ಹೇಳಿತ್ತು. ಮುಂದೆ ಅದಕ್ಕೆ ಡುಯೆಂಡೆ ಎಂಬ ಹೆಸರೂ ಬಂತು.

ಅದು ಬರುವ ಹದಿನಾರು ಗಂಟೆ ಮೊದಲು, ಯಾರೂ ನಿರೀಕ್ಷಿಸದ ಇನ್ನೊಂದು ಕಲ್ಲು ಬಂತು. ರಷ್ಯಾದ ಚೆಲ್ಯಾಬಿನ್ಸ್ಕ್ ನಗರದಲ್ಲಿ ಬೆಳಗಿನ 9 ಗಂಟೆ 20 ನಿಮಿಷ. ಸುಮಾರು 20 ಮೀಟರ್ ಅಗಲದ ಬಂಡೆ ಸೆಕೆಂಡಿಗೆ 19 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗಿ, ಸೂರ್ಯನನ್ನೂ ಮಂಕಾಗಿಸುವಂತೆ ಉರಿದು, 30 ಕಿ.ಮೀ. ಎತ್ತರದಲ್ಲಿ ಸಿಡಿಯಿತು. ಹೊಮ್ಮಿದ ಶಕ್ತಿ ಹಿರೋಷಿಮಾ ಬಾಂಬಿನ ಸುಮಾರು ಮೂವತ್ತು ಪಟ್ಟು. ಹೆಪ್ಪುಗಟ್ಟಿದ್ದ ಚೆಬರ್ಕುಲ್ ಸರೋವರದ ಮಂಜುಗಡ್ಡೆಯಲ್ಲಿ ದುಂಡನೆಯ ರಂಧ್ರ ಬಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದರ ತಳದಿಂದ ಅರ್ಧ ಟನ್ನಿಗೂ ಮೀರಿದ ತುಂಡನ್ನು ಮೇಲೆತ್ತಿದರು.

ದೊಡ್ಡ ಕಲ್ಲಿನ ಚೂರೇ ಮುಂಚಿತವಾಗಿ ಬಂದಿರಬೇಕು ಎಂದು ಬಹಳ ಜನ ಊಹಿಸಿದ್ದು ಸಹಜ. ಆದರೆ ನೆಂಟಸ್ತಿಕೆ ನೋಡಬೇಕಾದ್ದು ಕಕ್ಷೆಯಲ್ಲಿ. ಡುಯೆಂಡೆ ಬಂದದ್ದು ದಕ್ಷಿಣದಿಂದ ಉತ್ತರಕ್ಕೆ, ರಷ್ಯಾದ ಕಲ್ಲು ಬಂದದ್ದು ಹೆಚ್ಚುಕಡಿಮೆ ಪೂರ್ವದಿಂದ ಪಶ್ಚಿಮಕ್ಕೆ. ಡುಯೆಂಡೆ ಭೂಮಿಯಂತೆಯೇ ಸುಮಾರು ಒಂದು ವರ್ಷಕ್ಕೆ ಸೂರ್ಯನನ್ನು ಸುತ್ತುತ್ತಿತ್ತು, ಇನ್ನೊಂದರ ಕಕ್ಷೆ ಮಂಗಳ ಮತ್ತು ಗುರುಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯವರೆಗೂ ಚಾಚಿತ್ತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ.

ಹಾಗೆ ನೋಡಿದರೆ ‘ಒಂದೇ ದಿನ’ ಎಂಬುದೂ ಗ್ರೀನಿಚ್ ಗಡಿಯಾರದ ಮಾತು. ಡುಯೆಂಡೆ ಅತಿ ಸಮೀಪಕ್ಕೆ ಬಂದಾಗ ಬೆಂಗಳೂರಿನಲ್ಲಿ ನಡುರಾತ್ರಿ ದಾಟಿ 12 ಗಂಟೆ 55 ನಿಮಿಷ, ಅಂದರೆ ಫೆಬ್ರವರಿ 16. ಚೆಲ್ಯಾಬಿನ್ಸ್ಕ್‌ನಲ್ಲೂ ಆಗ 16ನೇ ತಾರೀಖೇ. ನಮಗೆ ಅಷ್ಟು ಸೋಜಿಗ ತಂದ ಕಾಕತಾಳೀಯ, ಅದನ್ನು ಅನುಭವಿಸಿದ ಊರಿನ ಕ್ಯಾಲೆಂಡರಿನಲ್ಲಿ ನಡೆದೇ ಇಲ್ಲ!

ತಾರೀಖಿಗೆ ಆಕಾಶದಲ್ಲಿ ಅರ್ಥವೇ ಇಲ್ಲವೆಂದಲ್ಲ. ಪ್ರತಿ ಡಿಸೆಂಬರ್ 14ರ ಆಸುಪಾಸಿನಲ್ಲಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಸುರಿಯುತ್ತವೆ. ಫೇಥಾನ್ ಎಂಬ ಕ್ಷುದ್ರಗ್ರಹ ತನ್ನ ದಾರಿಯುದ್ದಕ್ಕೂ ಚೆಲ್ಲಿದ ಧೂಳಿನ ಪಟ್ಟಿಯನ್ನು ಭೂಮಿ ವರ್ಷಕ್ಕೊಮ್ಮೆ ಅದೇ ತಾವಿನಲ್ಲಿ ಹಾಯುತ್ತದೆ. ಅಲ್ಲಿ ತಾರೀಖು ಎಂದರೆ ಭೂಮಿ ತನ್ನ ಕಕ್ಷೆಯಲ್ಲಿ ನಿಂತಿರುವ ಜಾಗದ ಗುರುತು. ಹೀಗೆ ಮರುಕಳಿಸುವ ತಾರೀಖಿಗೆ ಕಾರಣವಿದೆ, ಒಮ್ಮೆ ಕೂಡಿಬಂದ ತಾರೀಖಿನಲ್ಲಿ ಕಾರಣ ಹುಡುಕುವ ಮುನ್ನ ಲೆಕ್ಕ ಹಾಕಬೇಕು.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಪ್ರಶ್ನೆ. ವರ್ಷದ ಮೊದಲೇ ಒಂದನ್ನು ಕಂಡವರಿಗೆ ಇನ್ನೊಂದು ಏಕೆ ಕಾಣಲಿಲ್ಲ? ಅದು ಬಂದದ್ದು ಸೂರ್ಯನ ದಿಕ್ಕಿನಿಂದ. ಹಗಲಿನ ಬೆಳಕಿನಲ್ಲಿ ನೆಲದ ಮೇಲಿನ ದೂರದರ್ಶಕಗಳು ಅಂಥ ಸಣ್ಣ ಕಲ್ಲನ್ನು ಕಾಣಲಾರವು. ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಲು ನಾಸಾ ‘ನಿಯೋ ಸರ್ವೇಯರ್’ ಎಂಬ ಅವಕೆಂಪು ದೂರದರ್ಶಕವನ್ನು ರೂಪಿಸುತ್ತಿದೆ.

ಅಲ್ಲಿಯವರೆಗೆ ಚೆಲ್ಯಾಬಿನ್ಸ್ಕ್ ಕಲಿಸಿದ ಪಾಠ ನಮ್ಮ ಶಾಲೆಗಳಿಗೂ ತಲುಪಲಿ. ಅಂದು ಗಾಯಗೊಂಡ ಸುಮಾರು 1,500 ಜನರಲ್ಲಿ ಹೆಚ್ಚಿನವರಿಗೆ ತಗುಲಿದ್ದು ಕಲ್ಲಲ್ಲ, ಗಾಜು. ಬೆಳಕು ಕಂಡು ಕಿಟಕಿಯ ಬಳಿ ಓಡಿಬಂದವರು ಎಷ್ಟೋ ಮಂದಿ. ಬೆಳಕಿಗಿಂತ ಬಹಳ ನಿಧಾನವಾಗಿ ಸಾಗುವ ಸ್ಫೋಟದ ಆಘಾತ ತರಂಗ ನಗರವನ್ನು ಮುಟ್ಟಿ ಕಿಟಕಿಗಳನ್ನು ಒಡೆದದ್ದು ಒಂದೆರಡು ನಿಮಿಷದ ನಂತರ. ಆಕಾಶದಲ್ಲಿ ಕಣ್ಣು ಕೋರೈಸುವ ಮಿಂಚು ಕಂಡು, ಸದ್ದು ಇನ್ನೂ ಬಂದಿಲ್ಲವೆಂದರೆ, ಮಕ್ಕಳನ್ನು ಕರೆದುಕೊಂಡು ಕಿಟಕಿಯಿಂದ ದೂರ ಸರಿಯಿರಿ.