ಒಂದೋ ಫುಲ್, ಇಲ್ಲಾಂದ್ರೆ ಜೀರೋ: ಕಪ್ಪು-ಬಿಳುಪು ಯೋಚನೆ ಅಂದ್ರೇನು?

ಇವತ್ತಿನ ಎಪಿಸೋಡ್ ಶುರುವಾಗೋದು ನನ್ನ ಹಳೇ ಮಾರ್ಕ್ಸ್ ಕಾರ್ಡ್‌ನಿಂದ.

ಬಿ.ಕಾಂ. ಮುಗಿಸಿ ಸಿಎ ಇಂಟರ್‌ನ ಮೊದಲ ಗ್ರೂಪ್ ಬರೆದಿದ್ದೆ. ಆಗ ನಾಲ್ಕು ಪೇಪರ್, 400 ಮಾರ್ಕ್ಸ್. ಪ್ರತಿ ಪೇಪರ್‌ನಲ್ಲೂ 40 ಬರಬೇಕು, ಒಟ್ಟು 200 ಆಗಬೇಕು. ನನಗೆ ಅಕೌಂಟಿಂಗ್‌ನಲ್ಲಿ 71, ಉಳಿದ ಮೂರರಲ್ಲಿ 41, 40, 41. ಕೂಡಿಸಿದ್ರೆ 193. ಏಳು ಮಾರ್ಕ್ಸ್‌ಗೆ ಫೇಲ್.

ಅವತ್ತು ಅಪ್ಪನ ಫೋನ್ ಎತ್ತಲಿಲ್ಲ. ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಅನ್ನೋದೊಂದೇ ತಲೆಯಲ್ಲಿ. ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕೋಕೆ ಕಟ್ಟಿಟ್ಟೆ.

ಮನಶ್ಶಾಸ್ತ್ರದಲ್ಲಿ ಇದನ್ನೇ ಕಪ್ಪು-ಬಿಳುಪು ಯೋಚನೆ ಅಂತಾರೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್, ಖಿನ್ನತೆ ಇರೋರ ಯೋಚನೆಗಳು ಕೆಲವು ನಿರ್ದಿಷ್ಟ ರೀತಿಯಲ್ಲಿ ದಾರಿ ತಪ್ಪೋದನ್ನ ಗಮನಿಸಿದರು. ಅದರಲ್ಲಿ ಇದೂ ಒಂದು. ಮುಂದೆ ಡೇವಿಡ್ ಬರ್ನ್ಸ್ 1980ರ ‘ಫೀಲಿಂಗ್ ಗುಡ್’ ಪುಸ್ತಕದಲ್ಲಿ ಇಂಥ ಹತ್ತು ತಪ್ಪು ಯೋಚನೆಗಳ ಪಟ್ಟಿ ಕೊಟ್ಟಾಗ, ಮೊದಲ ಸ್ಥಾನ ಇದಕ್ಕೇ.

ಗುರುತಿಸೋದು ಹೇಗೆ? ‘ಯಾವಾಗ್ಲೂ’, ‘ಯಾವತ್ತೂ ಇಲ್ಲ’, ‘ಎಲ್ಲಾ ಹಾಳಾಯ್ತು’ ಅನ್ನೋ ಮಾತುಗಳನ್ನ ಗಮನಿಸಿ. ಜಿಮ್‌ಗೆ ಎರಡು ದಿನ ತಪ್ಪಿಸಿದ್ರೆ, ‘ಇನ್ನು ಹೋಗಿ ಏನು ಪ್ರಯೋಜನ?’ ಗೆಳತಿ ಮೆಸೇಜ್‌ಗೆ ಉತ್ತರ ಕೊಡದಿದ್ರೆ, ‘ಅವಳಿಗೆ ನಾನು ಬೇಕಾಗೇ ಇಲ್ಲ.’

ಎರಡೇ ಡಬ್ಬಿ ಇಟ್ಕೊಂಡ್ರೆ ಮನಸ್ಸಿಗೆ ಕೆಲಸ ಸುಲಭ. ಆದ್ರೆ ನೋಡಿ, 193ನ್ನು ಸೊನ್ನೆ ಡಬ್ಬಿಗೆ ಹಾಕಿದ್ರೆ ಸೊನ್ನೆಯಷ್ಟೇ ದುಃಖ ಆಗುತ್ತೆ. ಆಮೇಲೆ ಪ್ರಯತ್ನವೇ ನಿಲ್ಲುತ್ತೆ. ನಿಜವಾದ ನಷ್ಟ ಅಲ್ಲಿ.

ನನ್ನನ್ನ ಉಳಿಸಿದ್ದು ರೂಮ್‌ಮೇಟ್. ರಿಸಲ್ಟ್ ನೋಡಿ, “ಲೋ, ಅಕೌಂಟಿಂಗ್‌ಗೆ ಎಕ್ಸೆಂಪ್ಷನ್ ಸಿಕ್ಕಿದೆ ಕಣೋ” ಅಂದ. ಗ್ರೂಪ್ ಫೇಲ್ ಆದ್ರೂ ಒಂದು ಪೇಪರ್‌ನಲ್ಲಿ 60 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಮುಂದಿನ ಮೂರು ಸಲ ಅದನ್ನ ಮತ್ತೆ ಬರೀಬೇಕಿಲ್ಲ, ಮಾರ್ಕ್ಸ್ ಹಾಗೇ ಉಳಿಯುತ್ತೆ. ಅಂದ್ರೆ ಉಳಿದ ಮೂರರಿಂದ ನನಗೆ ಬೇಕಿದ್ದಿದ್ದು 129. ಆಗಲೇ 122 ತೆಗೆದಿದ್ದೆ! ಪರೀಕ್ಷೆಯೇ ನನ್ನ 71ನ್ನು ಲೆಕ್ಕಕ್ಕೆ ಇಟ್ಕೊಂಡಿತ್ತು. ಅಳಿಸಿ ಹಾಕಿದ್ದು ನಾನು.

ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಲ್ಲಿ ಇದಕ್ಕೊಂದು ಸರಳ ಅಭ್ಯಾಸ ಇದೆ. ಒಂದು ಗೆರೆ ಎಳೀರಿ. ಒಂದು ತುದಿಗೆ 0, ಇನ್ನೊಂದಕ್ಕೆ 100. 0 ಅಂದ್ರೆ ನಿಜವಾಗಿ ಏನು, 100 ಅಂದ್ರೆ ಏನು ಅಂತ ಮೊದಲು ಬರೀರಿ. ಆಮೇಲೆ ನಿಮ್ಮನ್ನ ಎಲ್ಲಿಡ್ತೀರಿ ನೋಡಿ. ತುದಿಯಲ್ಲಿ ನಿಲ್ಲೋದು ತುಂಬಾ ಅಪರೂಪ.

ಹಾಗಂತ ಎಲ್ಲಾನೂ ಬೂದು ಬಣ್ಣ ಅಂತಲ್ಲ. ಯಾರಾದ್ರೂ ನಿಮ್ಮ ಮೇಲೆ ಕೈ ಮಾಡ್ತಿದ್ರೆ ಅದು ತಪ್ಪೇ. ಅಲ್ಲಿ ಗೆರೆ ಎಳೆದು ಅಳೀಬೇಡಿ, ಸಹಾಯ ಕೇಳಿ. ಇಂಥ ಯೋಚನೆ ದಿನಗಟ್ಟಲೆ ಬಿಡದಿದ್ರೂ ಅಷ್ಟೇ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಆ ಗ್ರೂಪ್ ಪಾಸಾದೆ. ಎರಡು ವರ್ಷ ಆದ್ಮೇಲೆ ಸಿಎ ಬಿಟ್ಟು ಪಾಡ್‌ಕಾಸ್ಟ್ ಹಿಡಿದೆ. ಈಗ ನಾನು ಪಾಸಾ, ಫೇಲಾ? ಅಪ್ಪ ಇನ್ನೂ ಕೇಳ್ತಾರೆ. ಈಗ ಫೋನ್ ಎತ್ತಿ ಉತ್ತರ ಕೊಡ್ತೀನಿ, ಅಷ್ಟೇ.